ಅಂಚಿನಲ್ಲಿ ಬರೆದ ಜಗಳ

ಐಯೋನಿ ಬೆನೆಟ್ ಮತ್ತು ಲರ್ಲೀನ್ ಬೆನೆಟ್ ಒಡಹುಟ್ಟಿದ ಅಕ್ಕತಂಗಿಯರು. ಇಬ್ಬರ ಮನೆಗಳ ನಡುವೆ ಇರುವುದು ನನ್ನ ಮನೆ. ಅವರಪ್ಪ ಸ್ಯಾಮ್ಯುಯೆಲ್ ಬೆನೆಟ್ ರೈಲಿನಲ್ಲಿ ಬ್ರೇಕು ಹಾಕುವ ಕೆಲಸದಲ್ಲಿದ್ದವರು. ಲಿಮೋನ್ ಅನ್ನುವ ಈ ಬಂದರೂರಿನ ನಮ್ಮ ಬೀದಿಯಲ್ಲಿ ಸಾಲಾಗಿ ಮೂರು ನಿವೇಶನ ಹಿಡಿದಿದ್ದರು. ಆಚೀಚೆಯ ಎರಡನ್ನು ಹೆಣ್ಣುಮಕ್ಕಳಿಗೆ ಉಳಿಸಿಕೊಂಡು ನಡುವಿನದನ್ನು ನಮ್ಮಪ್ಪನಿಗೆ ಕೊಟ್ಟರು. ನಡುವಿನದನ್ನೇ ಯಾಕೆ ಕೊಟ್ಟರು ಅಂತ ಬಹಳ ಸಲ ಯೋಚಿಸಿದ್ದೇನೆ. ಮಕ್ಕಳ ಸ್ವಭಾವ ಬಲ್ಲ ಮನುಷ್ಯ ಅಂತ ಕಾಣುತ್ತದೆ.

ನಾನು ಎಗ್ಬರ್ಟ್ ಡಾಕಿನ್ಸ್. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು, ಈಗ ನಿವೃತ್ತ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬನೇ. ನಾವು ಮೂವರೂ ಇದೇ ಬೀದಿಯಲ್ಲಿ ಆಡಿ ಬೆಳೆದವರು, ಹಾಗಾಗಿ ನನ್ನ ಬಾಯಲ್ಲಿ ಅವರು ಅವಳು, ಇವಳು. ಊರಿಗೆಲ್ಲ ಮಾತ್ರ ಮಿಸ್ ಐಯೋನಿ, ಮಿಸ್ ಲರ್ಲೀನ್.

ಅಕ್ಕತಂಗಿಯರು ಮಾತು ಬಿಟ್ಟಿದ್ದು ಅಪ್ಪನ ಶವಸಂಸ್ಕಾರದ ದಿನ. ಲರ್ಲೀನ್ ಹದಿನೆಂಟಕ್ಕೇ ಊರು ಬಿಟ್ಟು ರಾಜಧಾನಿ ಸಾನ್ ಹೋಸೆಗೆ ಹೋದವಳು. ಅಲ್ಲಿ ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಮೇಲೆ ಬಂದಿದ್ದಳು. ಅವತ್ತು ಆ ವಕೀಲರೂ ಅವಳ ಜೊತೆ ಬಂದಿದ್ದರು. ಅಪ್ಪನ ಬಗ್ಗೆ ನಾಲ್ಕು ಮಾತು ಆಡಲು ಎದ್ದವಳು ಸ್ಪ್ಯಾನಿಷಿನಲ್ಲಿ ಶುರುಮಾಡಿದಳು. ನಮ್ಮ ಮನೆಗಳ ಮಾತು ಇಂಗ್ಲಿಷು. ಅಜ್ಜಂದಿರು ಜಮೈಕಾದಿಂದ ಹಡಗಿನಲ್ಲಿ ತಂದ ಇಂಗ್ಲಿಷು. ಸ್ಯಾಮ್ಯುಯೆಲ್ ಬೆನೆಟ್ ತಮ್ಮ ಹೊಸಿಲಿನೊಳಗೆ ಒಂದು ದಿನವೂ ಸ್ಪ್ಯಾನಿಷ್ ಆಡಿದವರಲ್ಲ. ಐಯೋನಿ ಚರ್ಚಿನ ಗಾಯಕರ ತಂಡದ ಮುಖ್ಯಸ್ಥೆ. ತಂಗಿಯ ಮಾತು ಅರ್ಧಕ್ಕೆ ಬಂದಿರುವಾಗ ಎದ್ದು ನಿಂತು ಇಂಗ್ಲಿಷಿನಲ್ಲಿ ಒಂದು ಕೀರ್ತನೆ ಎತ್ತಿದಳು. ತಂಡ ದನಿಗೂಡಿಸಿತು. ಲರ್ಲೀನ್ ದನಿ ಏರಿಸಿದಳು, ಇವರೂ ಏರಿಸಿದರು. ಮೊದಲು ನಿಲ್ಲಿಸಿದವರು ಯಾರು ಅನ್ನೋದರ ಬಗ್ಗೆ ಊರಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ.

ಆಮೇಲೆ ಲರ್ಲೀನ್ ನಿವೃತ್ತಳಾಗಿ ಬಂದು ತನ್ನ ಪಾಲಿನ ಜಾಗದಲ್ಲಿ ಮನೆ ಕಟ್ಟಿದಳು. ಮಾತು ಮಾತ್ರ ಬರಲಿಲ್ಲ. ಹೇಳಬೇಕಾದ್ದು ಏನಿದ್ದರೂ ನನ್ನ ಮೂಲಕ.

"ಎಗ್ಬರ್ಟ್, ನಿನ್ನ ಆ ಕಡೆ ಮನೆಯವರಿಗೆ ಹೇಳು, ಅವರ ದೀವಿಹಲಸಿನ ಎಲೆ ಎಲ್ಲ ಹಾರಿ ನನ್ನ ಅಂಗಳಕ್ಕೆ ಬರ್ತಿದೆ."

"ಎಗ್ಬರ್ಟ್, ನಿನ್ನ ಈ ಕಡೆ ಮನೆಯವರಿಗೆ ಹೇಳು, ಗಾಳಿಗೆ ನಾನು ಟೈಪ್ ಮಾಡಿ ಆದೇಶ ಕಳಿಸಿಲ್ಲ."

ಎಲೆ ಗುಡಿಸುತ್ತಿದ್ದದ್ದು ನಾನು.

ಐಯೋನಿ ನಲವತ್ತು ವರ್ಷ ಚರ್ಚ್ ಶಾಲೆಯಲ್ಲಿ ಪಾಠ ಮಾಡಿದವಳು. ನಿವೃತ್ತಿಯ ಮೇಲೆ ಸುಮ್ಮನೆ ಕೂರಲಾಗದೆ ಒಂದು ಓದುಬಳಗ ಕಟ್ಟಿದಳು. ಶನಿವಾರ ಮಧ್ಯಾಹ್ನ ಚರ್ಚಿನ ಹಿಂದಿನ ಹಾಲ್‌ನಲ್ಲಿ ಸೇರುವುದು, ನಮ್ಮ ಜನರ ಬದುಕಿನ ಕಾದಂಬರಿಗಳನ್ನು ಮಾತ್ರ ಓದುವುದು. "ಬೇರೆಯವರ ಕಥೆ ಶಾಲೇಲಿ ಬೇಕಾದಷ್ಟು ಓದಾಯ್ತು. ಕಪ್ಪು ಮನುಷ್ಯ ಪುಟದ ಮಧ್ಯೆ ನಿಂತಿರೋ ಪುಸ್ತಕ ಇದ್ರೆ ತನ್ನಿ" ಅನ್ನುತ್ತಿದ್ದಳು. ನಾನು ಸೇರಿದ್ದು ಸಾಹಿತ್ಯಕ್ಕಲ್ಲ. ಡೆಲ್ಫೀನ್ ಅಂತ ಒಬ್ಬಾಕೆ, ಮಾರುಕಟ್ಟೆಯ ಎದುರು ಪಾಟಿ ಮಾರುವವಳು, ಖಾರದ ಖೀಮಾ ತುಂಬಿದ ಆ ಬಿಸಿ ಪಾಟಿಗಳನ್ನು ಪ್ರತಿ ಶನಿವಾರ ಬುಟ್ಟಿ ತುಂಬ ತರುತ್ತಿದ್ದಳು. ತಿನ್ನುತ್ತಾ ತಿನ್ನುತ್ತಾ ಓದೋ ಚಟ ಹತ್ತಿತು.

ಬಳಗದಲ್ಲಿ ಪ್ರತಿ ಪುಸ್ತಕಕ್ಕೂ ಜಗಳ. ಡೆಲ್ಫೀನ್‌ಗೆ ಒಂದೇ ದೂರು.

"ಈ ಬರೆಯೋರೆಲ್ಲ ನಮ್ಮನ್ನ ಬರೀ ಅಳಿಸ್ತಾರಲ್ಲ ಯಾಕೆ? ನಮ್ಮನೇಲೂ ಕಷ್ಟ ಇತ್ತಪ್ಪ. ಆದ್ರೆ ನಮ್ಮಮ್ಮ ದಿನಕ್ಕೊಂದು ಸಲನಾದ್ರೂ ಹೊಟ್ಟೆ ಹಿಡ್ಕೊಂಡು ನಗ್ತಿದ್ಲು. ಆ ನಗು ಎಲ್ಲಿ ಹೋಯ್ತು?"

"ನಕ್ಕಿದ್ದನ್ನ ಬರೆದ್ರೆ ಬಹುಮಾನ ಕೊಡಲ್ಲ" ಅನ್ನುತ್ತಿದ್ದ ಹ್ಯೂಬರ್ಟ್. ಅವನದು ಕ್ಷೌರದ ಅಂಗಡಿ. ಯಾವ ಪುಸ್ತಕವನ್ನಾದರೂ ಕೊನೆಯ ಪುಟದಿಂದ ಓದುವುದು ಅವನ ಅಭ್ಯಾಸ. ಯಾರು ಸಾಯುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಅವರ ಮೇಲೆ ಜಾಸ್ತಿ ಪ್ರೀತಿ ಇಡೋದು ತಪ್ಪುತ್ತದಂತೆ.

ಹೀಗಿರುವಾಗ ಮಾರ್ವಾಳ ಕಾದಂಬರಿ ಬಂತು. ಮಾರ್ವಾ ಅಂದರೆ ಐಯೋನಿ, ಲರ್ಲೀನ್ ಇಬ್ಬರಿಗೂ ತೀರಿಹೋದ ತಮ್ಮನ ಮಗಳು, ಸಾನ್ ಹೋಸೆಯ ಕಾಲೇಜಿನಲ್ಲಿ ಅಧ್ಯಾಪಕಿ. ಪುಸ್ತಕದ ಹೆಸರು 'ತುರಿಯಾಲ್ಬಾ ದಾಟಿ'. ಪತ್ರಿಕೆಯಲ್ಲಿ ಅವಳ ಫೋಟೊ ಬಂದಾಗ ಇಡೀ ಊರು ಕತ್ತರಿಸಿ ಇಟ್ಟುಕೊಂಡಿತು. ಬರೆದದ್ದು ಸ್ಪ್ಯಾನಿಷಿನಲ್ಲಿ ಅಂತ ಐಯೋನಿ ಒಂದು ದಿನ ಗೊಣಗಿದಳು, ಮಾರನೇ ದಿನ ಬಳಗಕ್ಕೆ ಅದನ್ನೇ ಆರಿಸಿದಳು.

ಕಥೆ ನಮ್ಮದೇ ಊರಿನದು. ರೈಲಿನ ಒಬ್ಬ ಬ್ರೇಕಿನವನು, ಅವನ ಇಬ್ಬರು ಹೆಣ್ಣುಮಕ್ಕಳು. ಪರ್ಲ್ ಊರಲ್ಲೇ ಉಳಿಯುತ್ತಾಳೆ. ರೂಬಿ ರಾಜಧಾನಿಗೆ ಹೋಗಿ ಕೂದಲು ನೇರ ಮಾಡಿಸಿಕೊಂಡು ಮನೆಮಾತನ್ನು ನಾಲಿಗೆಯ ಕೆಳಗೆ ಬಚ್ಚಿಡುತ್ತಾಳೆ. ಓದಿದವರೆಲ್ಲ ಮೊದಲು ಹುಡುಕಿದ್ದು ತಮ್ಮನ್ನು. ಊರ ಸುದ್ದಿಯನ್ನೆಲ್ಲ ಕತ್ತರಿಯ ಜೊತೆ ಆಡಿಸುವ ಒಬ್ಬ ಕ್ಷೌರಿಕ ನಲವತ್ತನೇ ಪುಟದಲ್ಲಿ ಬರುತ್ತಾನೆ. ಹ್ಯೂಬರ್ಟ್ ಆ ಪುಟದ ನಕಲು ತೆಗೆಸಿ ಕನ್ನಡಿಯ ಪಕ್ಕ ಅಂಟಿಸಿದ. ಗಿರಾಕಿಗಳಿಗೆ ಅದನ್ನು ಓದಿಸದೆ ಗಡ್ಡ ಹೆರೆಯುತ್ತಿರಲಿಲ್ಲ.

ಮೊದಲ ಶನಿವಾರವೇ ಐಯೋನಿ, "ಪರ್ಲ್‌ಗೆ ಅನ್ಯಾಯ ಆಗಿದೆ. ಮನೆ ಕಾದವಳನ್ನ ಕಲ್ಲು ಮನಸ್ಸಿನವಳು ಅಂತ ಬರೆದಿದ್ದಾಳೆ" ಅಂದಳು. ಡೆಲ್ಫೀನ್ ಯಾರೂ ಕೇಳದಿದ್ದರೂ ಎರಡನೇ ಸಲ ಪಾಟಿ ಹಂಚಿದಳು.

ಅಂಗಡಿಗೆ ಬಂದಿದ್ದ ಪ್ರತಿಗಳು ಖಾಲಿಯಾಗಿದ್ದರಿಂದ ನಾನು ಐಯೋನಿಯ ಪ್ರತಿ ಕೇಳಿ ತಂದೆ. ಟೀಚರಮ್ಮನ ಪ್ರತಿ ಅಂದಮೇಲೆ ಅಂಚಿನ ತುಂಬ ಕೆಂಪು ಶಾಯಿ. ಒಂದು ಬೆಳಿಗ್ಗೆ ಅದು ನನ್ನ ಜಗಲಿಯ ಮೇಜಿನ ಮೇಲಿತ್ತು. ಪಾತ್ರೆ ವಾಪಸ್ ಕೊಡಲು ಬಂದ ಲರ್ಲೀನ್ ಕಣ್ಣಿಗೆ ಬಿತ್ತು.

"ಇದು ನನ್ನ ಹತ್ರಾನೂ ಇದೆ, ಮಾರ್ವಾ ಕಳಿಸಿದ್ಲು. ಇದೇನಿದು ಕೆಂಪು?" ಅಂತ ಎತ್ತಿಕೊಂಡಳು.

ನಿಂತೇ ಒಂದು ಪುಟ ತಿರುವಿದಳು. ಇನ್ನೊಂದು ತಿರುವುವಾಗ ನನ್ನ ಕುರ್ಚಿಯಲ್ಲಿ ಕೂತಿದ್ದಳು. ನಾನು ತಂದಿಟ್ಟ ಕಾಫಿ ತಣ್ಣಗಾಯಿತು. ರೂಬಿ ನೇರ ಕೂದಲಿನಲ್ಲಿ ಊರಿಗೆ ಬಂದಿಳಿಯುವ ಕಡೆ ಐಯೋನಿ ಬರೆದಿದ್ದಳು: "ಇಷ್ಟು ಬೇಗ ಮರೆತಳೇ?"

"ಎಗ್ಬರ್ಟ್, ಪೆನ್ ಇದ್ಯಾ?"

ಕೊಟ್ಟೆ. ನೀಲಿ ಪೆನ್ನು. ಅವಳು ಕೆಂಪಿನ ಕೆಳಗೆ ಬರೆದಳು: "ಮರೆಯಲಿಲ್ಲ. ಕೆಲಸ ಉಳಿಸಿಕೊಂಡಳು."

ಪರ್ಲ್ ತಂಗಿಗೆ ಬಾಗಿಲು ತೆಗೆಯದ ಪುಟದಲ್ಲಿ ಐಯೋನಿಯ ಕೆಂಪು "ಸರಿಯಾಗಿ ಮಾಡಿದಳು" ಅಂದಿತ್ತು. ಲರ್ಲೀನ್ ಬರೆದಳು: "ಬಾಗಿಲ ಹಿಂದೆ ನಿಂತು ಅತ್ತಿರುತ್ತಾಳೆ. ಬರೆದವಳಿಗೆ ಗೊತ್ತಿಲ್ಲ." ಇನ್ನೊಂದು ಕಡೆ ಐಯೋನಿ ಲೇಖಕಿಯ ಸ್ಪ್ಯಾನಿಷ್ ವ್ಯಾಕರಣ ತಿದ್ದಿದ್ದಳು. ಅದರ ಪಕ್ಕ ಲರ್ಲೀನ್: "ಅಚ್ಚಾಗಿರುವುದೇ ಸರಿ. ಟೀಚರದು ತಪ್ಪು."

ಪುಸ್ತಕ ವಾಪಸ್ ಕೊಟ್ಟ ಸಂಜೆ ಐಯೋನಿ ನನ್ನನ್ನು ಬೇಲಿಯ ಹತ್ತಿರ ಕರೆದಳು. ಕೈಯಲ್ಲಿ ಪುಸ್ತಕ, ಮೂಗಿನ ಮೇಲೆ ಕನ್ನಡಕ.

"ಯಾರು ಗೀಚಿದ್ದು?"

"ನಿಮಗೆ ಅಕ್ಷರ ಗೊತ್ತಲ್ಲ, ಮಿಸ್ ಐಯೋನಿ." ಹಾಗೆ ಕೋಪದಲ್ಲಿ ನಿಂತಾಗ ನನಗೂ ಅವಳು ಮಿಸ್ಸೇ.

"ಕೂದಲಿನ ವಿಷಯ ಬಿಡು, ಬಾಗಿಲಿನ ವಿಷಯ ಬಿಡು. ವ್ಯಾಕರಣದಲ್ಲಿ ನನ್ನದು ತಪ್ಪಂತೆ." ಒಳಗೆ ಹೋದಳು. ಎರಡು ದಿನ ಬಿಟ್ಟು ಮತ್ತೆ ಕರೆದಳು. "ಎಗ್ಬರ್ಟ್, ನೀನಿನ್ನೂ ಈ ಪುಸ್ತಕ ಮುಗಿಸಿಲ್ಲ ಅಲ್ವಾ?"

"ಮುಗಿಸಿದೆ."

"ಮುಗಿಸಿಲ್ಲ. ತಗೊಂಡು ಹೋಗು. ಜಗಲಿ ಮೇಲೇ ಇಟ್ಕೊಂಡು ಓದು."

ಹೀಗೆ ಶುರುವಾಯಿತು. ಕೆಂಪಿಗೆ ನೀಲಿ, ನೀಲಿಗೆ ಕೆಂಪು. ಅಂಚು ತುಂಬಿದ ಕಡೆ ಸಾಲುಗಳ ನಡುವೆ ಬರೆದರು. ಅಧ್ಯಾಯದ ಕೊನೆಯ ಖಾಲಿ ಜಾಗಗಳಲ್ಲಿ ಅಮ್ಮ ಯಾರಿಗೆ ಹೆಚ್ಚು ಸಲ ತಲೆ ಬಾಚುತ್ತಿದ್ದಳು ಅನ್ನುವಲ್ಲಿಗೆ ಹೋಗಿತ್ತು. ಎತ್ತಿ ಆಚೆ, ಎತ್ತಿ ಈಚೆ. ಬಂದರಿನಲ್ಲಿ ಕ್ರೇನ್ ನಡೆಸಿದ್ದು ದಂಡವಾಗಲಿಲ್ಲ. ನಡುವೆ ನಾನೂ ಓದುತ್ತಿದ್ದೆ. ಕಾದಂಬರಿ ಚೆನ್ನಾಗಿತ್ತು, ಅಂಚು ಇನ್ನೂ ಚೆನ್ನಾಗಿತ್ತು.

ಆಮೇಲೆ ಬೆಂಚಿನ ಪುಟ ಬಂತು. ನಮ್ಮ ಹಳೆಯ ತಲೆಗಳಿಗೆಲ್ಲ ಗೊತ್ತಿರುವ ವಿಷಯ. ಆ ಕಾಲದಲ್ಲಿ ಕರಾವಳಿಯಿಂದ ಹೊರಟ ರೈಲು ಬೆಟ್ಟ ಹತ್ತುತ್ತಾ ತುರಿಯಾಲ್ಬಾ ತಲುಪಿದರೆ ಅಲ್ಲಿ ಕಪ್ಪು ಕೆಲಸಗಾರರು ಇಳಿಯಬೇಕು, ಅವರ ಬದಲಿಗೆ ಬೆಟ್ಟದ ಮೇಲಿನ ಬಿಳಿ ಕೆಲಸಗಾರರು ಹತ್ತಬೇಕು. ಕಾನೂನಿನಲ್ಲಿ ಬರೆದಿತ್ತೋ ಇಲ್ಲವೋ ಅಂತ ಓದಿದವರು ಇವತ್ತಿಗೂ ವಾದ ಮಾಡುತ್ತಾರೆ. ಇಳಿದವರಿಗೆ ವಾದ ಇರಲಿಲ್ಲ, ಇಳಿದರು ಅಷ್ಟೇ. ಕಾದಂಬರಿಯಲ್ಲಿ ಆ ಬ್ರೇಕಿನವನು ಚಳಿಯಲ್ಲಿ ನಿಲ್ದಾಣದ ಬೆಂಚಿನ ಮೇಲೆ ಕೂತು, ತಾನು ಅಲ್ಲಿವರೆಗೆ ತಂದ ರೈಲು ತನ್ನನ್ನು ಬಿಟ್ಟು ಮೇಲಕ್ಕೆ ಹೋಗುವುದನ್ನು ನೋಡುತ್ತಾನೆ. ಅಲ್ಲಿ ಐಯೋನಿ ಬರೆದಿದ್ದಳು: "ಅಪ್ಪ ನಮಗೆ ಇದನ್ನು ಯಾವತ್ತೂ ಹೇಳಲಿಲ್ಲ."

ನೀಲಿಯಲ್ಲಿ ಉತ್ತರ: "ನನಗೂ ಹೇಳಲಿಲ್ಲ. ತೋರಿಸಿದರು."

ಕೆಂಪಿನಲ್ಲಿ: "ಏನು ತೋರಿಸಿದರು?"

ಈ ಸಲ ಪುಸ್ತಕ ಲರ್ಲೀನ್ ಮನೆಯಿಂದ ಹೊರಗೆ ಬರಲಿಲ್ಲ. ಐಯೋನಿ ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಕೊನೆಗೆ ನಾನೇ ಹೋಗಿ ಕೇಳಿದೆ. ಲರ್ಲೀನ್ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು.

"ಅವಳಿಗೆ ಹೇಳು, ಅದು ಅಂಚಿನಲ್ಲಿ ಹಿಡಿಸಲ್ಲ."

ಈ ಕಡೆ ಬಂದು ಹೇಳಿದೆ. "ಹಿಡಿಸದಿದ್ರೆ ಬಾಯಲ್ಲಿ ಹೇಳಲಿ" ಅಂದಳು ಐಯೋನಿ.

ಆ ಕಡೆ ಹೋದೆ. "ಬಾಯಲ್ಲಿ ಹೇಳ್ಬೇಕಾದ್ರೆ ಯಾರಾದ್ರೂ ಕರೀಬೇಕು" ಅಂದಳು ಲರ್ಲೀನ್.

ಬಂದು ಹೇಳಿದಾಗ ಐಯೋನಿ ಬೇಲಿಯ ಗೂಟ ಹಿಡಿದುಕೊಂಡಳು. "ಶನಿವಾರ ಮಾರ್ವಾ ಬಳಗಕ್ಕೆ ಬರ್ತಾಳೆ. ಸಭೆ ಎಲ್ಲರಿಗೂ ಅಂತ ಹೇಳು." ನಾನು ತಿರುಗಿದಾಗ ಹಿಂದಿನಿಂದ ಮತ್ತೆ, "ಎಲ್ಲರಿಗೂ ಅಂದ್ರೆ ಎಲ್ಲರಿಗೂ. ಹಾಗೇ ಹೇಳು."

ಶನಿವಾರ ಹಾಲ್‌ನಲ್ಲಿ ಕುರ್ಚಿ ಸಾಲಲಿಲ್ಲ. ಮಾರ್ವಾ ಹಳದಿ ಉಡುಪಿನಲ್ಲಿ ಮುಂದೆ ಕೂತಿದ್ದಳು. ಕಾಲೇಜಿನ ಹುಡುಗರಿಗೆ ಹೆದರದವಳು ನಮ್ಮನ್ನು ನೋಡಿ ಕೈ ಹಿಸುಕಿಕೊಳ್ಳುತ್ತಿದ್ದಳು. ಐಯೋನಿ ಅವಳ ಪಕ್ಕ. ಲರ್ಲೀನ್ ಪುಸ್ತಕವನ್ನು ತೋಳಿನಲ್ಲಿ ಅವುಚಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತಳು. ಯಾರೂ ಹಿಂತಿರುಗಿ ನೋಡಲಿಲ್ಲ, ಆದರೆ ಎಲ್ಲರಿಗೂ ಗೊತ್ತಾಯಿತು.

ಮೊದಲು ಎದ್ದವಳು ಡೆಲ್ಫೀನ್. "ಮಗಳೇ, ಬರೆದಿರೋದು ಚೆನ್ನಾಗಿದೆ. ಆದ್ರೆ ನಿನ್ನ ಪುಸ್ತಕದಲ್ಲಿ ಯಾರೂ ನೆಟ್ಟಗೆ ಊಟ ಮಾಡಲ್ಲ."

"ಏಳನೇ ಅಧ್ಯಾಯದಲ್ಲಿ ಕಾಳು ಹಾಕಿದ ಅನ್ನ ಇದೆ ಆಂಟಿ."

"ಓದಿದೆ. ತೆಂಗಿನ ಹಾಲು ಹಾಕಿಲ್ಲ. ಹಸಿದಿರೋರಿಗೆ ಅಂಥದ್ದು ಬಡಿಸ್ತಾರಾ? ಅದಕ್ಕೇ ಅವರೆಲ್ಲ ಅಷ್ಟು ಅಳೋದು."

ಹಾಲ್ ನಕ್ಕಿತು. ಮಾರ್ವಾಳ ಕೈ ಸಡಿಲಾಯಿತು. ಹ್ಯೂಬರ್ಟ್ ಎದ್ದು ಕೋಟಿನ ಗುಂಡಿ ಹಾಕಿಕೊಂಡ. "ನಲವತ್ತನೇ ಪುಟದ ಕ್ಷೌರಿಕ. ನನಗೆ ಅನುಮಾನ ಏನಿಲ್ಲ. ಆದ್ರೂ ನಾಲ್ಕು ಜನರ ಮುಂದೆ ನಿನ್ನ ಬಾಯಿಂದ ಬರಲಿ."

"ನೀವೇ ಅಂಕಲ್. ಬೇರೆ ಯಾರಿರ್ತಾರೆ?"

ಅವನು ಕೂತಾಗ ಕುರ್ಚಿ ಕಿರುಗುಟ್ಟಿತು. ಇನ್ನು ಯಾರು ಏನು ಕೇಳುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಐಯೋನಿ ಗಂಟಲು ಸರಿಮಾಡಿಕೊಂಡಳು.

"ಪರ್ಲ್ ಯಾರು?"

"ದೊಡ್ಡತ್ತೆ, ಪರ್ಲ್ ಅಂದ್ರೆ ಪರ್ಲ್."

"ರೂಬಿ ಯಾರು ಅಂತಾನೂ ಹೇಳಿಬಿಡು" ಅಂದಿತು ಕೊನೆಯ ಸಾಲಿನ ದನಿ. "ಊರೆಲ್ಲ ಹೇಳಾಗಿದೆ. ನೀನೊಬ್ಬಳು ಬಾಕಿ."

ಮಾರ್ವಾ ಇಬ್ಬರು ಅತ್ತೆಯರನ್ನೂ ನೋಡಿದಳು. "ಅವರಿಬ್ಬರು ನಮ್ಮಮ್ಮನ ದೊಡ್ಡಮ್ಮಂದಿರು. ಸಿಕಿರ್ರೆಸ್ ಊರಿನ ಕಡೆಯವರು, ನೀವು ನೋಡೇ ಇಲ್ಲ. ಇಬ್ಬರೂ ಹೋಗಿ ಎಷ್ಟೋ ಕಾಲ ಆಯ್ತು. ನಿಮ್ಮಿಬ್ಬರನ್ನ ನಾನು ಮುಟ್ಟೇ ಇಲ್ಲ. ನಿಜ ಹೇಳ್ಬೇಕಂದ್ರೆ ಧೈರ್ಯ ಆಗಲಿಲ್ಲ."

"ನಾವು ಇಲ್ವೇ ಇಲ್ವಾ?" ಅಂದಳು ಐಯೋನಿ.

"ಇಲ್ಲ ದೊಡ್ಡತ್ತೆ."

"ಒಂದು ಪುಟದಲ್ಲೂ?"

"ಇಲ್ಲ."

"ಮುನ್ನೂರು ಪುಟ" ಅಂದಳು ಲರ್ಲೀನ್, ಎದ್ದು ನಿಂತು. "ಹ್ಯೂಬರ್ಟ್‌ಗೆ ಜಾಗ ಇದೆ. ಹ್ಯೂಬರ್ಟ್‌ನ ನಾಯಿಗೂ ಜಾಗ ಇದೆ. ನಮಗಿಲ್ಲ."

ಐಯೋನಿ ಕುರ್ಚಿಯಲ್ಲಿ ಪೂರ್ತಿ ತಿರುಗಿದಳು. "ಅದನ್ನೇ ಕಣೇ ನಾನೂ ಕೇಳ್ತಿರೋದು."

ಅದು ಅಷ್ಟು ವರ್ಷಗಳ ಮೇಲೆ ಅಕ್ಕ ತಂಗಿಗೆ ಆಡಿದ ಮೊದಲ ಮಾತು. ಆಡಿಯಾದ ಮೇಲೆ ಇಬ್ಬರಿಗೂ ತಿಳಿಯಿತು. ಡೆಲ್ಫೀನ್ ಹೆಗಲಿಗೆ ಹಾಕಿಕೊಂಡಿದ್ದ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಗು ತಡೆದಳು. ಬೇರೆಯವರಿಗೆ ತಡೆಯಲಾಗಲಿಲ್ಲ. ಮೊದಲು ಮಾರ್ವಾ ನಕ್ಕಳು, ಆಮೇಲೆ ಇಡೀ ಹಾಲ್. ಅವರಿಬ್ಬರು ಮಾತ್ರ ನಗದೆ ಒಬ್ಬರನ್ನೊಬ್ಬರು ನೋಡುತ್ತಾ ಇದ್ದರು.

ನಗು ಇಳಿದ ಮೇಲೆ ಮಾರ್ವಾ, "ಒಂದು ಮಾತ್ರ ನಮ್ಮನೇದು" ಅಂದಳು. "ಆ ಬೆಂಚು. ಅದು ಅಜ್ಜನದು. ಅಪ್ಪ ಸಾಯೋಕೆ ಮುಂಚೆ ನನಗೆ ಹೇಳಿದ್ರು."

ಲರ್ಲೀನ್ ಇನ್ನೂ ನಿಂತೇ ಇದ್ದಳು. ಐಯೋನಿ ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲ ಎತ್ತಿ ನೆಲಕ್ಕಿಟ್ಟಳು. ಲರ್ಲೀನ್ ಸಾಲುಗಳ ನಡುವೆ ನಡೆದು ಬಂದು ಅಲ್ಲಿ ಕೂತಳು.

"ಏನು ತೋರಿಸಿದ್ರು?" ಅಂತ ಐಯೋನಿ ಮೆಲ್ಲಗೆ ಕೇಳಿದಳು.

"ನಾನು ಊರು ಬಿಟ್ಟ ದಿನ ಅಪ್ಪ ಜೊತೆಗೆ ಬಂದ್ರು, ನೆನಪಿದ್ಯಾ?" ಅಂದಳು ಲರ್ಲೀನ್. "ಆಗ ಆ ಕಟ್ಟಳೆ ಎಲ್ಲ ಹೋಗಿ ಎಷ್ಟೋ ವರ್ಷ ಆಗಿತ್ತು. ಇಬ್ಬರಿಗೂ ಸಾನ್ ಹೋಸೆವರೆಗೆ ಟಿಕೆಟ್ ತಗೊಂಡಿದ್ರು. ನನ್ನ ರೂಮು ನೋಡಿ, ಆ ಮನೆಯವರ ಹತ್ರ ನಾಲ್ಕು ಮಾತಾಡಿ ಬರ್ತೀನಿ ಅಂತ ಒಳ್ಳೇ ಸೂಟು ಹಾಕ್ಕೊಂಡಿದ್ರು. ತುರಿಯಾಲ್ಬಾ ಬಂತು. ಅಪ್ಪ ಎದ್ರು, ಹ್ಯಾಟ್ ತಗೊಂಡ್ರು, ಇಳಿದುಬಿಟ್ರು. ಅಪ್ಪಾ, ಇದಲ್ಲ, ಇನ್ನೂ ಮುಂದೆ ಅಂದೆ. ಗೊತ್ತು ಮಗಾ, ನನ್ನ ಕಾಲು ಇಲ್ಲೇ ಇಳಿಯುತ್ತೆ, ನೀನು ಹೋಗು ಅಂದ್ರು. ರೈಲು ಹೊರಟಾಗ ಅಲ್ಲಿನ ಬೆಂಚಿನ ಪಕ್ಕ ಹ್ಯಾಟ್ ಎತ್ತಿ ಹಿಡ್ಕೊಂಡು ನಿಂತಿದ್ರು."

ಹ್ಯೂಬರ್ಟ್ ಕನ್ನಡಕ ತೆಗೆದು ಒರೆಸಿದ.

"ಮೇಲೆ ರಾಜಧಾನೀಲಿ ಇದ್ದಷ್ಟು ದಿನವೂ ಆ ಜನಕ್ಕೆ ಹೇಳ್ಬೇಕು ಅನ್ನಿಸ್ತಿತ್ತು, ನಮ್ಮಪ್ಪ ಯಾರು ಅಂತ. ಯಾರೂ ಕೇಳಲಿಲ್ಲ. ಅಪ್ಪನ್ನ ಮಣ್ಣು ಮಾಡಿದ ದಿನ ಆ ವಕೀಲರು ಮುಂದಿನ ಸಾಲಿನಲ್ಲಿ ಬಂದು ಕೂತಿದ್ರು. ಅವರಿಗೆ ತಿಳಿಯೋ ಭಾಷೇಲಿ ಹೇಳ್ತಿದ್ದೆ. ಬೆಂಚಿನ ಹತ್ರ ಬರೋ ಅಷ್ಟರಲ್ಲಿ ಹಾಡು ಬಂತು."

ಐಯೋನಿ ತನ್ನ ಕೈಗಳನ್ನು ನೋಡಿಕೊಂಡಳು. "ನಿನಗೆ ನಾಚಿಕೆ ಅಂದ್ಕೊಂಡೆ. ನಮ್ಮ ಬಗ್ಗೆ."

"ಗೊತ್ತು."

"ಹಾಡು ಚೆನ್ನಾಗಿತ್ತು ಅಲ್ವಾ?"

"ಹಾಡು ಚೆನ್ನಾಗೇ ಇತ್ತು. ಜಾಗ ಚೆನ್ನಾಗಿರ್ಲಿಲ್ಲ."

"ಹಾಗಾದ್ರೆ ಉಳಿದದ್ದನ್ನ ಈಗ ಹೇಳು."

"ಈಗ್ಲೇನಾ? ಯಾವ ಭಾಷೇಲಿ?"

"ಅವತ್ತು ಯಾವುದರಲ್ಲಿ ಹೇಳ್ತಿದ್ಯೋ ಅದರಲ್ಲೇ. ನನಗೂ ಬರುತ್ತೆ, ನೀನು ಏನೇ ಗೀಚಿದ್ರೂ."

ಲರ್ಲೀನ್ ಎದ್ದು ನಿಂತು ಹೇಳಿದಳು. ಅಪ್ಪ ಸೀಟಿ ಕೇಳಿಯೇ ಯಾವ ಎಂಜಿನ್ನು ಅಂತ ಹೇಳುತ್ತಿದ್ದದ್ದು, ಭಾನುವಾರ ಮೂವರು ಮಕ್ಕಳ ಬೂಟಿಗೂ ತಾವೇ ಪಾಲಿಶ್ ಹಾಕುತ್ತಿದ್ದದ್ದು, ಆ ಬೆಂಚು, ಆ ಹ್ಯಾಟು. ಅವಳ ಸ್ಪ್ಯಾನಿಷ್ ಬೆಟ್ಟದ ಮೇಲಿನವರದ್ದು, ನುಣುಪಾದದ್ದು. ನಡುವೆ ಒಂದೆರಡು ಕಡೆ ಮಾತು ತಡೆದಾಗ ನಮ್ಮ ಇಂಗ್ಲಿಷಿಗೆ ಜಾರಿದಳು. ಮುಗಿದಾಗ ಐಯೋನಿ ಯಾರನ್ನೂ ಕೇಳದೆ ಅದೇ ಕೀರ್ತನೆ ಎತ್ತಿದಳು. ಈ ಸಲ ಲರ್ಲೀನ್ ಕೆಳದನಿಯಲ್ಲಿ ಸೇರಿದಳು. ಶ್ರುತಿ ಅಷ್ಟಕ್ಕಷ್ಟೇ.

ಆವತ್ತು ಮಾರ್ವಾಗೆ ಎರಡು ಮನೆಯಲ್ಲೂ ಊಟ ಮಾಡಬೇಕಾಯಿತು. ಹೊರಡುವಾಗ ಇಬ್ಬರೂ ಬಸ್ಸಿನ ತನಕ ಬಂದು ಒಟ್ಟಿಗೇ ಬೈದರು. ಮುಂದಿನ ಪುಸ್ತಕದಲ್ಲಿ ತಾವು ಇರಬೇಕು, ಇದ್ದರೆ ಮೊದಲು ತಮಗೆ ತೋರಿಸಬೇಕು, ತೋರಿಸಿದರೆ ತಾವು ತಿದ್ದುತ್ತೇವೆ ಅಂತ. ಮಾರ್ವಾ ಕಿಟಕಿಯಿಂದ ಆಗಲಿ ಅಂದಳು. ಅವಳ ಮುಖದಲ್ಲಿ ಅಜ್ಜಂದಿರ ಕಾಲದ ಕಥೆ ಇನ್ನೂ ಒಂದು ಬರೆದರೆ ವಾಸಿ ಅನ್ನುವ ಕಳೆ ಇತ್ತು.

ಬಳಗ ಈಗ ಬೇರೆ ಕಾದಂಬರಿ ಓದುತ್ತಿದೆ. ಇದರಲ್ಲೂ ಎರಡನೇ ಅಧ್ಯಾಯಕ್ಕೇ ಅಜ್ಜಿ ಸತ್ತಳು ಅಂತ ಡೆಲ್ಫೀನ್ ಸಿಟ್ಟಾಗಿದ್ದಾಳೆ. ಅಜ್ಜಿ ಸಾಯುವುದು ಹ್ಯೂಬರ್ಟ್‌ಗೂ ಮೊದಲೇ ಗೊತ್ತಾಗಲಿಲ್ಲ, ಕೊನೆಯ ಪುಟದಲ್ಲಿ ಇರಲಿಲ್ಲವಂತೆ.

ಹೋದ ತಿಂಗಳು ಅಕ್ಕತಂಗಿಯರು ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ತುರಿಯಾಲ್ಬಾಗೆ ಹೋಗಿ ಬಂದರು. ಈಗ ರೈಲು ಓಡುವುದಿಲ್ಲ. ಹಳೇ ನಿಲ್ದಾಣದ ಹತ್ತಿರ ಎರಡು ಬೆಂಚು ಇದ್ದವಂತೆ. ಅಪ್ಪ ಕೂತದ್ದು ಯಾವುದು ಅಂತ ತೀರ್ಮಾನವಾಗದೆ, ಒಂದರಲ್ಲಿ ಊಟ ಮಾಡಿ ಇನ್ನೊಂದರಲ್ಲಿ ಕಾಫಿ ಕುಡಿದು ಬಂದರು. ನನಗೆ ಅಲ್ಲಿಯ ಬಿಳಿ ಚೀಸಿನ ಒಂದು ದೊಡ್ಡ ಗಡ್ಡೆ ತಂದಿದ್ದರು. ಜಗಲಿಯಲ್ಲಿ ಮೂವರೂ ಕೂತು ಬ್ರೆಡ್ಡಿನ ಜೊತೆ ತಿಂದೆವು. ಉಪ್ಪು ಜಾಸ್ತಿ ಅಂದಳು ಐಯೋನಿ. ಉಪ್ಪೇ ಇಲ್ಲ ಅಂದಳು ಲರ್ಲೀನ್. ನನಗೇನೋ ಸರಿಯಾಗೇ ಇತ್ತು.